ಆಕಾಶದ ಅಂಚೆಯಣ್ಣನಿಗೂ ಬೇಕು ಕಾಗದಪತ್ರ

ಹದ್ದಿಗೆ ಲೈಸೆನ್ಸ್ ಬೇಕಿಲ್ಲ, ಪಾರಿವಾಳಕ್ಕೆ ನಂಬರು ಬೇಕಿಲ್ಲ. ಸಾಮಾನು ಹೊತ್ತು ಹಾರುವ ಡ್ರೋನಿಗೆ ಮಾತ್ರ ಯಾಕೆ ಇಷ್ಟೊಂದು ಕಾಗದಪತ್ರ? ಈಗಿನ ಮಕ್ಕಳು ಹೀಗೆ ಕೇಳುತ್ತಾರೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದ ನನ್ನಂಥವನ ಎದುರು ಕಾಗದಪತ್ರದ ಮಾತು ಎತ್ತಿದರೆ ನಾನು ಸುಮ್ಮನಿರುವುದುಂಟೇ? ಕನ್ನಡಕ ಏರಿಸಿಕೊಂಡು ನಮ್ಮ ದೇಶದ ಡ್ರೋನ್ ನಿಯಮಗಳನ್ನು ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು, ಈ ವಿಷಯ ನನಗೆ ಯಾಕೆ ಹತ್ತಿರದ್ದು ಎಂಬುದನ್ನು ಹೇಳಬೇಕು. ನನ್ನ ಅಕ್ಕನನ್ನು ಕೊಟ್ಟದ್ದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೆಗೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಆ ಕಡೆಯ ಜನರಿಗೆ ಲಾಂಚೇ ಗತಿ. ಅಕ್ಕನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಒಂದು ಮಳೆಗಾಲದಲ್ಲಿ ಮನೆಯಲ್ಲಿದ್ದ ಔಷಧಿ ಮುಗಿದು, ಭಾವ ಸಾಗರಕ್ಕೆ ಬಂದು ಇನ್ಸುಲಿನ್ ಕೊಂಡು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಹೊರಟರು. ಹೊಳೆಬದಿಗೆ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಲಾಂಚಿನವನು ಬಿಡಲಿಲ್ಲ. ಸುತ್ತಿ ಹೋಗುವ ರಸ್ತೆಗೆ ಮರ ಬಿದ್ದಿತ್ತು. ಎರಡು ಕಿಲೋಮೀಟರ್ ಚಿಲ್ಲರೆ ಅಗಲದ ನೀರು. ಈಚೆ ದಡದಲ್ಲಿ ಔಷಧಿ, ಆಚೆ ದಡದಲ್ಲಿ ಅಕ್ಕ. ರಾತ್ರಿಯಿಡೀ ಭಾವ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೆಳಗ್ಗೆ ಮನೆ ತಲುಪಿದಾಗ ಅಕ್ಕನಿಗೆ ಏಳಲೂ ಆಗುತ್ತಿರಲಿಲ್ಲ. ಆಮೇಲೆ ಮೂರು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡಳು.

ಹಾಗಾಗಿ ಡ್ರೋನಿನಲ್ಲಿ ಔಷಧಿ ಕಳಿಸುತ್ತಾರೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಎರಡು ದಡಗಳೇ ಕಣ್ಣಿಗೆ ಬರುತ್ತವೆ. ಆಫ್ರಿಕಾದ ರುವಾಂಡಾ ದೇಶದಲ್ಲಿ 2016ರಿಂದಲೇ ಬೆಟ್ಟಗುಡ್ಡಗಳ ಆಸ್ಪತ್ರೆಗಳಿಗೆ ರಕ್ತದ ಪೊಟ್ಟಣಗಳನ್ನು ಡ್ರೋನುಗಳು ಒಯ್ಯುತ್ತಿವೆ. ಅವು ನೆಲಕ್ಕೆ ಇಳಿಯುವುದೂ ಇಲ್ಲ. ಪುಟ್ಟ ಪ್ಯಾರಾಚೂಟ್ ಕಟ್ಟಿದ ಪೊಟ್ಟಣವನ್ನು ಮೇಲಿಂದ ಬಿಟ್ಟು ಹಿಂತಿರುಗುತ್ತವೆ. ನಮ್ಮ ಮಣಿಪುರದಲ್ಲಿ 2021ರ ಅಕ್ಟೋಬರ್ 4ರಂದು ಬಿಷ್ಣುಪುರದ ಜಿಲ್ಲಾ ಆಸ್ಪತ್ರೆಯಿಂದ ಲೋಕ್‌ಟಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿತು. ರಸ್ತೆಯಲ್ಲಿ ಹೋದರೆ 26 ಕಿಲೋಮೀಟರ್. ಗಾಳಿಯಲ್ಲಿ 15 ಕಿಲೋಮೀಟರ್, ಕಾಲು ಗಂಟೆಯೊಳಗೆ ಮುಟ್ಟಿತು. ನಮ್ಮ ಗೌರಿಬಿದನೂರಿನ ಬಳಿ ಕೂಡ ಅದೇ ವರ್ಷದ ಜೂನ್‌ನಲ್ಲಿ, ಪೈಲಟ್ಟಿನ ಕಣ್ಣಳತೆಗೂ ಆಚೆ ಔಷಧಿ ಒಯ್ಯುವ ಡ್ರೋನಿನ ಪರೀಕ್ಷೆ ನಡೆಯಿತು.

ಇಷ್ಟು ಒಳ್ಳೆಯ ಕೆಲಸಕ್ಕೆ ನಿಯಮದ ಬೇಲಿ ಯಾಕೆ? ಒಂದು ಲೆಕ್ಕ ಮಾಡೋಣ. ಡ್ರೋನು ಸಾಮಾನ್ಯವಾಗಿ ಹಾರಬಹುದಾದ ಎತ್ತರ 400 ಅಡಿ, ಅಂದರೆ ಸುಮಾರು 120 ಮೀಟರ್. ನಮ್ಮ ಹಿತ್ತಲಿನ ಎತ್ತರದ ತೆಂಗಿನಮರಗಳನ್ನು ಒಂದರ ಮೇಲೊಂದು ಐದಾರು ನಿಲ್ಲಿಸಿದಷ್ಟು. ಅಲ್ಲಿಂದ ಒಂದು ತೆಂಗಿನಕಾಯಿ ಬಿದ್ದರೆ ಐದು ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಡಿಯುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 175 ಕಿಲೋಮೀಟರ್. ಹೈಸ್ಕೂಲಿನ ಮಕ್ಕಳು ಸೂತ್ರ ಹಾಕಿ ತಾಳೆ ನೋಡಬಹುದು. ಸಾಮಾನು ಒಯ್ಯುವ ಡ್ರೋನು ತೆಂಗಿನಕಾಯಿಗಿಂತ ಎಷ್ಟೋ ಪಾಲು ಭಾರ.

ಇನ್ನೊಂದು ಮಾತಿದೆ. ಆ ರಾತ್ರಿ ಲಾಂಚು ಬಿಡದವನು ತನ್ನ ಜೀವವನ್ನೂ ಲಾಂಚಿನಲ್ಲೇ ಇಟ್ಟುಕೊಂಡಿದ್ದ. ಮುಳುಗಿದರೆ ಅವನೂ ಮುಳುಗುತ್ತಿದ್ದ. ವಿಮಾನದ ಪೈಲಟ್ ಕೂಡ ಹಾಗೆಯೇ. ಡ್ರೋನಿನ ಪೈಲಟ್ ಹಾಗಲ್ಲ, ಅವನು ನೆಲದ ಮೇಲೆ ಕೂತಿರುತ್ತಾನೆ. ಡ್ರೋನು ಬಿದ್ದರೆ ಪೆಟ್ಟಾಗುವುದು ಕೆಳಗೆ ಬಟ್ಟೆ ಒಣಗಿಸುವ ಅಮ್ಮನಿಗೆ, ಬಯಲಲ್ಲಿ ಗೋಲಿಯಾಡುವ ಮಗುವಿಗೆ. ಅವರು ಡ್ರೋನ್ ಹತ್ತಿದವರಲ್ಲ, ಅದನ್ನು ಹಾರಿಸಿದವರೂ ಅಲ್ಲ. ಸ್ವಂತ ಭಯ ಕಲಿಸುವ ಎಚ್ಚರ ಎಲ್ಲಿ ಇಲ್ಲವೋ, ಅಲ್ಲಿ ಆ ಕೆಲಸವನ್ನು ನಿಯಮ ಮಾಡಬೇಕು.

ನಮ್ಮ ದೇಶದ ಡ್ರೋನ್ ನಿಯಮಗಳು ಜಾರಿಗೆ ಬಂದದ್ದು 2021ರ ಆಗಸ್ಟ್ 25ರಂದು. ಓದುತ್ತಾ ಹೋದಂತೆ ನನಗೆ ಬ್ಯಾಂಕೇ ನೆನಪಾಯಿತು. ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ, ಎರಡೂ ಬೇರೆ ಬೇರೆಯವರ ಕೈಯಲ್ಲಿ; ಒಬ್ಬರೇ ತೆರೆಯುವಂತಿಲ್ಲ. ಇಲ್ಲಿಯೂ ಹಾಗೆಯೇ, ಒಂದೇ ಕೀಲಿಗೆ ಆಕಾಶ ತೆರೆಯುವುದಿಲ್ಲ.

ಮೊದಲನೆಯ ಕೀಲಿ ಯಂತ್ರದ್ದು. ಕಂಪನಿ ಒಂದು ಹೊಸ ಮಾದರಿ ತಯಾರಿಸಿದರೆ ಅದನ್ನು ಪರೀಕ್ಷೆಗೆ ಒಪ್ಪಿಸಬೇಕು. ಪಾಸಾದ ಮಾದರಿಗೆ ಟೈಪ್ ಸರ್ಟಿಫಿಕೇಟ್ ಸಿಗುತ್ತದೆ. ಎರಡನೆಯದು ನಂಬರು. ಆ ಮಾದರಿಯ ಪ್ರತಿಯೊಂದು ಡ್ರೋನಿಗೂ ಬೇರೆ ಬೇರೆ ಗುರುತಿನ ಸಂಖ್ಯೆ. ನಮ್ಮಲ್ಲಿ ಖಾತೆ ಸಂಖ್ಯೆ ಇದ್ದ ಹಾಗೆ. ಬಿದ್ದ ಡ್ರೋನು ಯಾರದ್ದು ಎಂದು ಊರೆಲ್ಲ ವಿಚಾರಿಸಬೇಕಿಲ್ಲ. ಮೂರನೆಯದು ಪೈಲಟ್ಟಿನದು. ವ್ಯಾಪಾರಕ್ಕೆ ಸಾಮಾನು ಒಯ್ಯುವ ಡ್ರೋನ್ ಹಾರಿಸುವವನು ಹತ್ತನೇ ಕ್ಲಾಸ್ ಪಾಸಾಗಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಬೇಕು. ನಾಲ್ಕನೆಯದು ಜಾಗದ್ದು. ಆಕಾಶದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣ. ಹಸಿರಿನಲ್ಲಿ ಹಾರಲು ಬೇರೆ ಅನುಮತಿ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಕರನ್ನು ಕೇಳಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಹಾರುವಂತಿಲ್ಲ.

ಇವುಗಳ ಜೊತೆಗೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಮನುಷ್ಯರಿರುವ ವಿಮಾನಕ್ಕೆ ಡ್ರೋನು ಯಾವಾಗಲೂ ದಾರಿ ಬಿಡಬೇಕು. 250 ಗ್ರಾಂಗಿಂತ ಭಾರದ ಡ್ರೋನಿಗೆ ಸ್ಕೂಟರು, ಕಾರುಗಳಿಗಿರುವಂತೆ ಮೂರನೆಯವರ ವಿಮೆ ಬೇಕು. ಅಪಘಾತವಾದರೆ 48 ಗಂಟೆಯೊಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವರದಿ ಕೊಡಬೇಕು. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿಯವರೆಗೂ ಹೋಗಬಹುದು.

ಹಾಗೆಂದು ಕಾಗದ ಹೆಚ್ಚಿದಷ್ಟೂ ಕ್ಷೇಮ ಎಂದು ತಿಳಿಯಬೇಡಿ. ಅದೇ 2021ರ ಮಾರ್ಚ್‌ನಲ್ಲಿ ಬಂದ ಹಿಂದಿನ ನಿಯಮದಲ್ಲಿ 25 ನಮೂನೆಯ ಅರ್ಜಿಗಳೂ 72 ಬಗೆಯ ಶುಲ್ಕಗಳೂ ಇದ್ದವು. ಐದೇ ತಿಂಗಳಿಗೆ ಅದನ್ನು ಬದಲಿಸಿ ಅರ್ಜಿಗಳನ್ನು 5ಕ್ಕೆ, ಶುಲ್ಕಗಳನ್ನು 4 ಬಗೆಗೆ ಇಳಿಸಿದರು. ನಾನು ಇದನ್ನು ಓದಿ ಮನಸಾರೆ ನಕ್ಕೆ. ಒಂದು ಸಾಲದ ಅರ್ಜಿಗೆ ಮೂರು ಪ್ರತಿ, ಪ್ರತಿಗೂ ಐದು ಸಹಿ ಹಾಕಿಸಿಕೊಂಡು, ಕೊನೆಗೆ ಅದನ್ನು ಯಾರೂ ಓದದೆ ಕಪಾಟಿಗೆ ಸೇರಿಸಿದ್ದನ್ನು ನೋಡಿದವನು ನಾನು. ಬೇಕಾದ ಕಾಗದ ಯಾವುದು, ಬೇಡದ್ದು ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ಈ ಕಾಗದದಿಂದ ಯಾರಿಗೆ ರಕ್ಷಣೆ? ಉತ್ತರದಲ್ಲಿ ಒಬ್ಬ ಮನುಷ್ಯ ಕಂಡರೆ ಇಟ್ಟುಕೊಳ್ಳಬೇಕು, ಕಪಾಟು ಮಾತ್ರ ಕಂಡರೆ ಬಿಡಬೇಕು.

ಆ ಮಳೆಗಾಲದಲ್ಲಿ ಡ್ರೋನು ಇದ್ದಿದ್ದರೆ ಅಕ್ಕನಿಗೆ ಔಷಧಿ ಮುಟ್ಟುತ್ತಿತ್ತೇ? ಲಾಂಚನ್ನು ತಡೆದ ಗಾಳಿ ಡ್ರೋನನ್ನೂ ತಡೆಯಬಹುದಿತ್ತು. ಆದರೆ ಗಾಳಿ ಏಳುವ ಮುಂಚೆ, ಮಧ್ಯಾಹ್ನವೇ, ಐದು ನಿಮಿಷದಲ್ಲಿ ಹೊಳೆ ದಾಟಿಸಬಹುದಿತ್ತು. ಅದಕ್ಕೇ ನನಗೆ ಡ್ರೋನೂ ಬೇಕು, ನಿಯಮವೂ ಬೇಕು. ಔಷಧಿಗೆ ಕಾಯುವವರಿಗೆ ಡ್ರೋನು ಬೇಗ ಬರಬೇಕು. ಅದು ಹಾದುಹೋಗುವ ಹತ್ತು ಊರಿನ ಜನ ತಲೆ ಎತ್ತಿ ನೋಡಿ, ಹೆದರದೆ ತಮ್ಮ ಕೆಲಸ ಮುಂದುವರಿಸಬೇಕು. ಒಂದು ಸಲ ಅದು ಶಾಲೆಯ ಅಂಗಳಕ್ಕೆ ಬಿದ್ದರೆ ಮರುದಿನ ಯಾವ ಊರಿನವರೂ ಅದನ್ನು ಹಾರಲು ಬಿಡುವುದಿಲ್ಲ. ಆಗ ನಷ್ಟ ಮತ್ತೆ ಹೊಳೆಯಾಚೆಯವರಿಗೇ.

ನಿಯಮದಲ್ಲಿ ಒಂದು ತಮಾಷೆಯೂ ಇದೆ, ಮಕ್ಕಳೇ. ಡ್ರೋನ್ ಪೈಲಟ್ ಪ್ರಮಾಣಪತ್ರಕ್ಕೆ ವಯಸ್ಸು 18 ತುಂಬಿರಬೇಕು, 65 ದಾಟಿರಬಾರದು. ಅಂದರೆ ನಿಮಗೂ ಇಲ್ಲ, ನನಗೂ ಇಲ್ಲ. ನಾವಿಬ್ಬರೂ ಕೆಳಗೆ ನಿಂತು ಮೇಲೆ ನೋಡುವವರು. ನಿಮ್ಮ ಸರದಿ ಬರುತ್ತದೆ. ಬಂದಾಗ ಹಾರಿಸುವ ಮುಂಚೆ ಒಮ್ಮೆ ಬ್ಯಾಟರಿ ನೋಡಿ, ಒಮ್ಮೆ ನಕ್ಷೆ ನೋಡಿ, ಒಮ್ಮೆ ಗಾಳಿ ನೋಡಿ. ಆಮೇಲೆ ಕೆಳಗೆ ಯಾರಿದ್ದಾರೆ ಎಂದೂ ನೋಡಿ.