ಹೊಸ ನಾಣ್ಯದ ಚೀಲ

ಹೊಸ ನಾಣ್ಯಗಳನ್ನು ಚೀಲಗಟ್ಟಲೆ ತರುವುದೆಂದರೆ ಅಷ್ಟೇ ಮೊತ್ತದ ನೋಟು ಕೊಟ್ಟು ಭಾರ ಹೊರುವುದು. ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಸಾವಿರ ರೂಪಾಯಿಗೆ ಮುಕ್ಕಾಲು ಕಿಲೋ ದಾಟುತ್ತದೆ. ಇಷ್ಟು ಹೊತ್ತವನಿಗೆ ದಕ್ಕುವುದೇನು ಎಂಬುದು ನಾಣ್ಯ ಯಾವುದೆಂಬುದರ ಮೇಲೆ ನಿಂತಿದೆ.

ಹಳೇಬೀಡು ದೋರಸಮುದ್ರವಾಗಿದ್ದ ಕಾಲದಲ್ಲಿ ಉತ್ತರ ಸುಲಭವಿತ್ತು. ಹೊಯ್ಸಳ ಅರಸ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದು ಕನ್ನಡ ಅಕ್ಷರಗಳಲ್ಲಿ ಚಿನ್ನದ ನಾಣ್ಯವೇರಿತು. ನೊಳಂಬವಾಡಿ ಕೈಸೇರಿದಾಗ ‘ಶ್ರೀ ನೊಣಂಬವಾಡಿಗೊಂಡ’. ಗೆಲುವಿನ ಸುದ್ದಿಯನ್ನು ಪ್ರಜೆಗಳ ಸೊಂಟದ ಚೀಲಕ್ಕೇ ಕಳಿಸಿದ ಜಾಣತನವದು. ಚಿನ್ನದ ನಾಣ್ಯವಾದ ಗದ್ಯಾಣದ ಕೆಳಗೆ ಪಣ, ಅದರ ಕೆಳಗೆ ಹಾಗ, ವೀಸ. ಗದ್ಯಾಣ ಕೂಡಿಟ್ಟವನು ಅರಸನನ್ನು ನಂಬಬೇಕಿರಲಿಲ್ಲ, ಚಿನ್ನವನ್ನು ನಂಬಿದರೆ ಸಾಕಿತ್ತು. ಭಯವೆಂದರೆ ಕಳ್ಳನದು, 1311ರಲ್ಲಿ ಮಾತ್ರ ದಿಲ್ಲಿಯ ಸೇನಾಪತಿ ಮಲಿಕ್ ಕಾಫೂರನ ಸೈನ್ಯವೇ ಬಂತು.

ಈಗಿನ ನಾಣ್ಯದ ಬೆಲೆ ಲೋಹದಲ್ಲಿಲ್ಲ, ಮೇಲೆ ಅಚ್ಚಾದ ಅಂಕಿಯಲ್ಲಿದೆ, ಆ ಅಂಕಿಯನ್ನು ಎದುರಿನವರು ಒಪ್ಪುವುದರಲ್ಲಿದೆ. ಎರಡು ಲೋಹದ ಹತ್ತರ ನಾಣ್ಯ 2009ರಲ್ಲಿ ಚಲಾವಣೆಗೆ ಬಂತು. ರೂಪಾಯಿ ಚಿಹ್ನೆ ಇರುವುದು ಅಸಲಿ, ಇಲ್ಲದ್ದು ನಕಲಿ, ನಾಣ್ಯದ ಮೇಲೆ ಹತ್ತು ಗೆರೆಯಿದ್ದರೆ ಸರಿ, ಹದಿನೈದಿದ್ದರೆ ಅಲ್ಲ ಎಂಬ ಪುಕಾರು ಹಬ್ಬಿ ಅಂಗಡಿಗಳು ಅದನ್ನು ಹಿಂದಕ್ಕೆ ತಳ್ಳಿದವು. ಈ ಸಾಲುಗಳನ್ನು ಬರೆಯುತ್ತಿರುವವರ ಮನೆಯ ಸಾಸಿವೆ ಡಬ್ಬಿ ತುಂಬಿದ್ದು ಹಾಗೆಯೇ. ಉಳಿತಾಯದ ಬುದ್ಧಿಯಿಂದಲ್ಲ, ಯಾರೂ ತೆಗೆದುಕೊಳ್ಳದ್ದರಿಂದ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹದಿನಾಲ್ಕೂ ವಿನ್ಯಾಸಗಳು ಸಿಂಧುವೆಂದು ಸಾರಿತು. ಡಬ್ಬಿ ಖಾಲಿಯಾಗಲು ಅದಾದ ಮೇಲೂ ಬಹಳ ಕಾಲ ಹಿಡಿಯಿತು.

ಕೂಡಿಟ್ಟು ಹೆಚ್ಚಿನ ಬೆಲೆಗೆ ಮಾರುವ ಯೋಚನೆಗೆ ಕಾನೂನೇ ಅಡ್ಡ. ತನ್ನ ಅಗತ್ಯಕ್ಕಿಂತ ಬಹಳ ಹೆಚ್ಚು ನಾಣ್ಯವನ್ನು ಮುಖಬೆಲೆಗೆ ಹೊರತಾದ ಬೆಲೆಗೆ ಮಾರಲೆಂದೋ ಕರಗಿಸಲೆಂದೋ ಇಟ್ಟುಕೊಳ್ಳುವುದನ್ನು 2011ರ ನಾಣ್ಯ ಕಾಯಿದೆ ನಿಷೇಧಿಸುತ್ತದೆ. ರೂಪಾಯಿ ಮತ್ತು ಅದಕ್ಕೂ ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟರೆ ಎದುರಿನವರು ಬೇಡವೆನ್ನಬಹುದು. ಟಂಕಸಾಲೆ ಗುರುತು ನೋಡಿ ಆಯುವ ಹವ್ಯಾಸಿಗೆ, ಅಂದರೆ ಹೈದರಾಬಾದಿನ ನಕ್ಷತ್ರ, ನೋಯ್ಡಾದ ಚುಕ್ಕೆ ಹುಡುಕುವವನಿಗೆ, ಬೇಕಾದದ್ದು ಒಂದೊಂದೇ, ಚೀಲವಲ್ಲ.

ಚೀಲದಿಂದ ನಿಜಕ್ಕೂ ಲಾಭ ಮಾಡಿದವರು ಅಮೆರಿಕದಲ್ಲಿದ್ದರು. ಅಲ್ಲಿನ ಟಂಕಸಾಲೆ ಡಾಲರ್ ನಾಣ್ಯದ ಬಳಕೆ ಹೆಚ್ಚಿಸಲು ಮುಖಬೆಲೆಗೇ, ಸಾಗಣೆ ಖರ್ಚಿಲ್ಲದೆ, 250ರ ಪೆಟ್ಟಿಗೆಗಳನ್ನು ಮನೆಗೆ ಕಳಿಸಿತು. ಜಾಣರು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು, ವಿಮಾನ ಪ್ರಯಾಣದ ಪಾಯಿಂಟ್ ಗಳಿಸಿ, ಪೆಟ್ಟಿಗೆಯನ್ನು ನೇರವಾಗಿ ಬ್ಯಾಂಕಿಗೆ ಸುರಿದು, ಆ ದುಡ್ಡಿನಿಂದಲೇ ಕಾರ್ಡಿನ ಸಾಲ ತೀರಿಸಿದರು. ನಾಣ್ಯ ಜನರ ಕೈ ಮುಟ್ಟಲೇ ಇಲ್ಲ. 2011ರಲ್ಲಿ ಕಾರ್ಡಿನ ಕೊಳ್ಳುವಿಕೆ ನಿಂತಿತು, ಲಾಭವೂ ನಿಂತಿತು.

ಇಂದಿನ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಎಳನೀರು, ಕಡಲೆಕಾಯಿ ಮಾರುವವರ ಲೆಕ್ಕ ಇವೆಲ್ಲಕ್ಕಿಂತ ನೇರ. ಬಸ್ಸಿಳಿದವರು ಐನೂರರ ನೋಟು ಚಾಚಿದಾಗ ಚಿಲ್ಲರೆಯಿಲ್ಲದಿದ್ದರೆ ವ್ಯಾಪಾರ ಪಕ್ಕದ ಗಾಡಿಗೆ ಹೋಗುತ್ತದೆ. ಫೋನಿನಲ್ಲೇ ದುಡ್ಡು ಹಾಕುವವರು ಹೆಚ್ಚಿದಂತೆ ಆ ಅಗತ್ಯವೂ ಇಳಿದಿದೆ. ಆದ್ದರಿಂದ ವಾರಕ್ಕೆ ಸಾಲುವಷ್ಟು ಚಿಲ್ಲರೆ ತರುವುದು ಲಾಭ. ಅದಕ್ಕೂ ಹೆಚ್ಚಿನದು ಬಡ್ಡಿಯಿಲ್ಲದೆ ಮನೆಯಲ್ಲಿ ಕೂರುತ್ತದೆ, ಕೊನೆಗೆ ಮತ್ತೆ ಎಣಿಸಿ ಬ್ಯಾಂಕಿಗೇ ಹೊರಬೇಕಾಗುತ್ತದೆ.