ತುಪ್ಪಕ್ಕೂ ಮಜ್ಜಿಗೆಗೂ ನಡುವೆ

1

ಕುಂದಾಪುರದ ಹೆಸರನ್ನು ದೂರದ ಊರುಗಳಿಗೆ ಒಯ್ದದ್ದು ಘೀ ರೋಸ್ಟ್. 1957ರಲ್ಲಿ ಶುರುವಾದ ಶೆಟ್ಟಿ ಲಂಚ್ ಹೋಮಿನ ಅಡುಗೆ ಅದು. ಕೋಳಿ, ಮೊಸರು, ಬ್ಯಾಡಗಿ ಮೆಣಸು, ತುಪ್ಪ. ಪ್ರಾಣಿಯಿಂದ ಬಂದದ್ದೇನನ್ನೂ ತಿನ್ನದ ವೀಗನ್ ಆದವರು ಮುಟ್ಟದ ಮೂರು ವಸ್ತು ಒಂದೇ ಬಾಣಲೆಯಲ್ಲಿ.

ಅದೇ ಪೇಟೆಯಲ್ಲಿ ಬೆಳಗಿನ ಹೊತ್ತು ನೀರ್ ದೋಸೆ. ಅಕ್ಕಿ, ನೀರು, ಉಪ್ಪು. ಕಾವಲಿಗೆ ಎಣ್ಣೆ. ಪಕ್ಕದಲ್ಲಿ ಕಾಯಿ ಚಟ್ನಿ.

2

ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿ 66. ಉದ್ದಕ್ಕೂ ‘ಶುದ್ಧ ಸಸ್ಯಾಹಾರಿ’ ಬೋರ್ಡುಗಳು. ಒಳಗೆ ಕಾಫಿಗೆ ಹಾಲು, ಮಸಾಲೆ ದೋಸೆಗೆ ತುಪ್ಪ, ಬನ್ಸಿಗೆ ಮೊಸರು.

ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯ ಲೆಕ್ಕವೂ ಇದೇ. ಹಾಲಿಗೆ ಹಸಿರು ಚುಕ್ಕೆ ಉಂಟು, ಮೊಟ್ಟೆಗೆ ಇಲ್ಲ. ವೀಗನ್ ಆಹಾರಕ್ಕೆ ಬೇರೆ ಗುರುತು ಬೇಕೆಂದು ಕೇಂದ್ರದ ನಿಯಮ ಬಂದದ್ದು 2022ರಲ್ಲಿ. ಹೋಟೆಲಿನ ನೀರ್ ದೋಸೆ ಪೊಟ್ಟಣದಲ್ಲಿ ಬರುವುದಿಲ್ಲ. ಅದರ ಮೇಲೆ ಯಾವ ಗುರುತೂ ಇಲ್ಲ.

3

ಹಾಲಿನ ಹನಿ ಇಲ್ಲದ ತಿಂಡಿಗಳು, ಇಲ್ಲಿನ ಮನೆಗಳಲ್ಲಿ ಮಾಡುವಂಥವು:

ಹಲಸಿನ ಎಲೆಯ ಕೊಟ್ಟೆ ಕಡುಬು. ಅರಿಶಿನ ಎಲೆಯಲ್ಲಿ ಬೆಂದ ಸಿಹಿ ಕಡುಬು. ಕೆಸುವಿನ ಎಲೆಯ ಪತ್ರೊಡೆ. ಒತ್ತು ಶ್ಯಾವಿಗೆ, ಜೊತೆಗೆ ಬೆಲ್ಲ ಕದಡಿದ ಕಾಯಿಹಾಲು. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಬಿಸ್ಕುಟ್ ಅಂಬಡೆ. ಬಾಳೆಕಾಯಿ ಪೋಡಿ. ಹೆಸರುಬೇಳೆ ಪಾಯಸ.

ಮೂರು ತಿಂಡಿಗೆ ಮೂರು ಬಗೆಯ ಎಲೆ. ಹಲಸು ಮರದಿಂದ, ಅರಿಶಿನ ಹಿತ್ತಿಲಿಂದ, ಕೆಸು ಮಳೆಗಾಲದ ತೋಡಿನ ಬದಿಯಿಂದ.

4

ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ಗೋಳಿಬಜೆ. ಮೈದಾ ಕಲಸಿದ್ದು ಹುಳಿ ಮಜ್ಜಿಗೆಯಲ್ಲೊ ಮೊಸರಿನಲ್ಲೊ. ಕಣ್ಣಿಗೆ ಕಾಣದು.

5

ತುಪ್ಪ ಮತ್ತು ಮೊಸರಿನ ವ್ಯತ್ಯಾಸ. ತುಪ್ಪ ಕೊನೆಗೆ ಬೀಳುತ್ತದೆ, ದೋಸೆಯ ಮೇಲೆ. ಬೇಡ ಎಂದರೆ ಹಾಕುವುದಿಲ್ಲ. ಮೊಸರು ಮೊದಲೇ ಹಿಟ್ಟಿಗೆ ಸೇರಿರುತ್ತದೆ. ಗಿರಾಕಿ ಬರುವ ಹೊತ್ತಿಗೆ ಅದನ್ನು ಬೇಡ ಎನ್ನಲು ಸಮಯ ಮೀರಿದೆ.

6

ಬಾಳೆ ಎಲೆಯ ಊಟದ ಕ್ರಮ. ಅನ್ನದ ಮೇಲೆ ತುಪ್ಪ ಬಿದ್ದ ಮೇಲೆ ಊಟ ಆರಂಭ. ಅದಕ್ಕೆ ಅಭಿಘಾರ ಎನ್ನುತ್ತಾರೆ. ಕೊನೆಗೆ ಮಜ್ಜಿಗೆ.

ನಡುವೆ ಸಾರು, ಹುಳಿ, ಪಲ್ಯ, ಕೋಸಂಬರಿ, ಮೆಣಸುಕಾಯಿ, ಚಿತ್ರಾನ್ನ. ಇವುಗಳಲ್ಲಿ ತೆಂಗಿನಕಾಯಿ, ಬೇಳೆ, ಹುಣಸೆ, ಬೆಲ್ಲ, ತರಕಾರಿ. ಎಲೆಯ ಬಹುಭಾಗ ಇದೇ.

ಪ್ರಾಣಿಯಿಂದ ಬಂದದ್ದು ಎರಡು ತುದಿಯಲ್ಲಿ ನಿಂತಿದೆ.

7

ಮೀನು ತಿನ್ನುವ ಮನೆಯ ಬೆಳಗ್ಗೆ: ಅದೇ ಕಡುಬು, ಅದೇ ಗಂಜಿ, ಅದೇ ಚಟ್ನಿ. ಮಧ್ಯಾಹ್ನ ಗಂಗೊಳ್ಳಿ ಬಂದರಿನಿಂದ ಬಂದ ಬಂಗುಡೆ. ಅದಕ್ಕೂ ಅರೆದದ್ದು ತೆಂಗಿನಕಾಯಿಯೇ.

ಮೀನು ಉಂಡ ಹೊತ್ತು ಹಾಲು ಕುಡಿಯಬಾರದು, ಮೊಸರು ತಿನ್ನಬಾರದು ಎಂಬ ಮಾತು ಈ ಮನೆಗಳಲ್ಲಿ ಇನ್ನೂ ಇದೆ.

8

ಕಾಯಿಹಾಲನ್ನು ಎರಡು ಸಲ ಹಿಂಡುತ್ತಾರೆ. ಎರಡನೆಯದು ತೆಳು, ಅದರಲ್ಲಿ ಬೇಯಿಸುತ್ತಾರೆ. ಮೊದಲನೆಯದು ಗಟ್ಟಿ, ಇಳಿಸುವ ಮೊದಲು ಹಾಕುತ್ತಾರೆ. ಕುದಿ ಬರಲು ಬಿಡುವುದಿಲ್ಲ, ಒಡೆಯುತ್ತದೆ.

ಪಾಯಸಕ್ಕೂ ಇದೇ ಕ್ರಮ, ಕೋಳಿ ಸಾರಿಗೂ ಇದೇ ಕ್ರಮ. ಕಾಫಿಗೆ ಮಾತ್ರ ಯಾರೂ ಕಾಯಿಹಾಲು ಹಾಕಿದ್ದು ಕಾಣಲಿಲ್ಲ.

9

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕ ರಿಕಾರ್ಡ್ ಓಸ್ಟೆ 1990ರ ದಶಕದಲ್ಲಿ ಓಟ್ಸ್‌ನಿಂದ ಹಾಲಿನಂಥ ಪಾನೀಯ ತಯಾರಿಸಿದರು. ಹಸುವಿನ ಹಾಲು ಜೀರ್ಣವಾಗದವರಿಗೆಂದು ಮಾಡಿದ್ದು ಅದು. ಈಗ ಯುರೋಪಿನ ಬಹುಪಾಲು ನಗರಗಳ ಕಾಫಿ ಅಂಗಡಿಗಳಲ್ಲಿ ಸಿಗುತ್ತದೆ.

ಇಲ್ಲಿ ಹಾಲು ಬೇಡ ಎಂದರೆ ಬರುವುದು ಕಣ್ಣ ಚಾ. ಅದನ್ನು ಯಾರೂ ಹೊಸದಾಗಿ ತಯಾರಿಸಬೇಕಾಗಿಲ್ಲ. ಹಾಲು ಹಾಕುವ ಮೊದಲು ಎಲ್ಲ ಚಾವೂ ಕಣ್ಣ ಚಾವೇ.

10

ಉಪ್ಪೂರು. ಉಡುಪಿಯಿಂದ ಬ್ರಹ್ಮಾವರಕ್ಕೆ ಬರುವ ದಾರಿ. ನಂದಿನಿಯ ಡೈರಿ. ಹಟ್ಟಿ ಇದ್ದ ಮನೆಗಳಲ್ಲಿ ಈಗ ಪ್ಯಾಕೆಟ್ ಹಾಲು. ಹಟ್ಟಿಯ ಜಾಗದಲ್ಲಿ ಬೈಕ್ ನಿಂತಿರುತ್ತದೆ. ತೆಂಗಿನ ಮರ ಇದ್ದಲ್ಲೇ ಇದೆ.

11

ಚಾತುರ್ಮಾಸ್ಯ. ಮಾಧ್ವರ ಮನೆ ಮತ್ತು ಮಠಗಳಲ್ಲಿ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ತರಕಾರಿ ಬಿಡಬೇಕು. ಎರಡನೆಯದು ದಧಿವ್ರತ, ಮೊಸರು ಬಿಡಬೇಕು. ಮೂರನೆಯದು ಕ್ಷೀರವ್ರತ, ಹಾಲು ಬಿಡಬೇಕು. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಬಿಡಬೇಕು.

ಹಾಲು ಬಿಟ್ಟ ತಿಂಗಳಲ್ಲಿ ಮೊಸರು ಹಿಂದಿರುಗಿರುತ್ತದೆ. ಮೊಸರು ಬಿಟ್ಟ ತಿಂಗಳಲ್ಲಿ ಹಾಲು ಇರುತ್ತದೆ. ಎರಡನ್ನೂ ಒಟ್ಟಿಗೆ ಬಿಡುವ ತಿಂಗಳು ಈ ನಾಲ್ಕರಲ್ಲಿ ಇಲ್ಲ.

12

ಏಕಾದಶಿ. ಅನ್ನ ಬಿಡುತ್ತಾರೆ. ಪೂರ್ತಿ ಉಪವಾಸ ಆಗದವರು ಹಣ್ಣು, ಹಾಲು ತೆಗೆದುಕೊಳ್ಳುತ್ತಾರೆ.

13

ಹಾಲನ್ನೂ ಸೇರಿಸಿ ಬಿಡುವ ನಿಯಮ ಬ್ರಹ್ಮಾವರದಲ್ಲೇ ಸಿಕ್ಕಿತು, ಆದರೆ ಬೇರೆ ಸಮುದಾಯದಲ್ಲಿ. ಇಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರ ಸಮುದಾಯ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಪಾದ್ರಿ ನೊರೊನ್ಹಾ ಅವರ ಜೊತೆ ರೋಮಿನ ಸಭೆಯಿಂದ ಬೇರೆಯಾಗಿ ಮಲಂಕರ ಸಭೆಗೆ ಸೇರಿದವರು.

ಆ ಸಭೆಯ ಶಾಸ್ತ್ರದಂತೆ ಈಸ್ಟರಿಗೆ ಮುಂಚಿನ ಐವತ್ತು ದಿನದ ದೊಡ್ಡ ಉಪವಾಸದಲ್ಲಿ ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲೂ ವರ್ಜ್ಯ.

14

ಗ್ರೀಸ್‌ನಲ್ಲೂ ಈಸ್ಟರಿಗೆ ಮುಂಚೆ ಇದೇ ಬಗೆಯ ಉಪವಾಸ. ಅಥೆನ್ಸಿನ ಹೋಟೆಲು, ಬೇಕರಿಗಳಲ್ಲಿ ‘ನಿಸ್ತಿಸಿಮಾ’ ಎಂದು ಕೇಳಿದರೆ ಉಪವಾಸದ ತಿನಿಸು ಕೊಡುತ್ತಾರೆ: ಬೀನ್ಸ್, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಎಳ್ಳಿನ ಹಲ್ವ. ವೀಗನ್ ಎಂಬ ಮಾತು ಗೊತ್ತಿಲ್ಲದ ಮುದುಕರ ಅಂಗಡಿಯಲ್ಲೂ ಇದು ನಡೆಯುತ್ತದೆ.

ಆದರೆ ಅಲ್ಲಿ ಸಿಗಡಿಗೆ, ಚಿಪ್ಪಿಗೆ ಉಪವಾಸದಲ್ಲಿ ಅನುಮತಿ ಇದೆ. ರಕ್ತವಿಲ್ಲದ ಜೀವಿಗಳು ಎಂಬ ಲೆಕ್ಕ.

ಎಲೆಯಲ್ಲಿ ಸುತ್ತಿ ಬೇಯಿಸುವ ಅಕ್ಕಿ ಎರಡೂ ಕಡೆ ಇದೆ.

15

ಪರಂಪಳ್ಳಿ. ಸಾಲಿಗ್ರಾಮಕ್ಕೆ ಅಂಟಿಕೊಂಡ ಹಳ್ಳಿ, ಈಗ ಬ್ರಹ್ಮಾವರ ತಾಲೂಕು. ಇಲ್ಲಿಂದ ಹೊರಟ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ಬೆಂಗಳೂರಿನ ಮನೆಗಳಲ್ಲಿ ಅಡುಗೆಗೆ ನಿಂತರು. 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್, ಎಂಟಿಆರ್.

1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡುವುದಕ್ಕೆ.

16

ಅವರು ತಂದದ್ದು ಅಲ್ಲಿನ ಅಡುಗೆಯನ್ನಲ್ಲ. ಲೋಟ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು. ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಗೆ ಬರುವ ಪದ್ಧತಿ ಎಂಟಿಆರ್‌ನಲ್ಲಿ ಇತ್ತು. ಏನು ತಿನ್ನುತ್ತೇವೆ ಎಂಬುದರ ಜೊತೆಗೆ ಎಲ್ಲಿ ಬೆಂದದ್ದು ಎಂಬುದನ್ನೂ ಅವರು ನೋಡಲಿ ಎಂದು.

ಊರಿನ ಮಡಿ ಅಡುಗೆಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ.

17

ರವೆ ಇಡ್ಲಿ ತಮ್ಮದು ಎಂದು ಎಂಟಿಆರ್ ಹೇಳುತ್ತದೆ. ಎರಡನೆಯ ಮಹಾಯುದ್ಧ, 1942ರಲ್ಲಿ ಬರ್ಮಾ ಜಪಾನಿನ ವಶ, ಅಕ್ಕಿ ಅಭಾವ. ರವೆಯಲ್ಲಿ ಇಡ್ಲಿ ಮಾಡಿ ನೋಡಿದರು.

ಅಕ್ಕಿ ಇಡ್ಲಿಗೆ ಉದ್ದು ಸಾಕು, ರಾತ್ರಿಯಲ್ಲಿ ತಾನೇ ಹುಳಿಯುತ್ತದೆ. ರವೆ ಇಡ್ಲಿಗೆ ಮೊಸರು ಬೇಕು. ಬರ್ಮಾದ ಅಕ್ಕಿ ನಿಂತದ್ದಕ್ಕೆ ಇಡ್ಲಿಗೆ ಮೊಸರು ಸೇರಿತು.

18

1943, ಬೆಂಗಳೂರಿನ ಗಾಂಧಿ ಬಜಾರು. ವಿದ್ಯಾರ್ಥಿ ಭವನ. ತೆರೆದವರು ಸಾಲಿಗ್ರಾಮ ಕಡೆಯ ವೆಂಕಟರಮಣ ಉರಾಳರು. ಹೆಸರು ತಂದದ್ದು ಮಸಾಲೆ ದೋಸೆ. ಎಂಟಿಆರ್‌ನ ದೋಸೆಯ ಜೊತೆ ಸಣ್ಣ ಬಟ್ಟಲಲ್ಲಿ ತುಪ್ಪ ಬರುತ್ತದೆ.

ಗಂಜಿಯ ಊರಿನವರು ಪೇಟೆಗೆ ಹೋಗಿ ಹೋಟೆಲು ಹಾಕಿದರು. ಪೇಟೆಯ ತಟ್ಟೆಗೆ ತುಪ್ಪ ಹೆಚ್ಚು ಬಂತು. ಊರಿನಲ್ಲಿ ತುಪ್ಪ ಅಭಿಘಾರಕ್ಕೆ ಒಂದು ಸೌಟು.

19

ಜ್ಯೂರಿಕ್‌ನಲ್ಲಿ ಹಿಲ್ಟ್ಲ್ ಎಂಬ ಸಸ್ಯಾಹಾರಿ ಹೋಟೆಲು 1898ರಿಂದ ಇದೆ. ಜಗತ್ತಿನಲ್ಲಿ ಎಡೆಬಿಡದೆ ನಡೆದುಬಂದ ಸಸ್ಯಾಹಾರಿ ಹೋಟೆಲುಗಳಲ್ಲಿ ಅತಿ ಹಳೆಯದೆಂದು ಗಿನ್ನೆಸ್ ದಾಖಲೆ. 1950ರ ದಶಕದಲ್ಲಿ ಆ ಮನೆತನದ ಮಾರ್ಗ್ರಿತ್ ಹಿಲ್ಟ್ಲ್ ಸಸ್ಯಾಹಾರಿಗಳ ಸಮ್ಮೇಳನಕ್ಕೆಂದು ದೆಹಲಿಗೆ ಬಂದರು. ಹಿಂದಿರುಗಿ ಭಾರತದ ಅಡುಗೆ ಶುರುಮಾಡಿದರು. ಕೊತ್ತಂಬರಿ, ಜೀರಿಗೆ, ಅರಿಶಿನ, ಏಲಕ್ಕಿ ಆಗ ಅಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಒಂದೇ ದಶಕ. ಪರಂಪಳ್ಳಿಯ ಹೋಟೆಲಿನವರು ಯುರೋಪಿಗೆ, ಯುರೋಪಿನ ಹೋಟೆಲಿನವರು ದೆಹಲಿಗೆ. ಒಬ್ಬರು ಶುಚಿ ತಂದರು, ಒಬ್ಬರು ಮಸಾಲೆ ಒಯ್ದರು.

20

2007ರಲ್ಲಿ ಎಂಟಿಆರ್ ಫುಡ್ಸ್ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಮನೆತನದಲ್ಲೇ ಉಳಿಯಿತು. ಸಾಂಬಾರ್ ಪುಡಿಯ ಪೊಟ್ಟಣ ಈಗ ಓಸ್ಲೋದ ಲೆಕ್ಕಪುಸ್ತಕದಲ್ಲಿ ಇದೆ.

21

1888ರಲ್ಲಿ ಗಾಂಧಿ ಲಂಡನ್ನಿಗೆ ಓದಲು ಹೋದರು. ಹಸಿದು ಅಲೆದು, ಫಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಹೋಟೆಲು ಕಂಡರು. ಅಲ್ಲೇ ಸಸ್ಯಾಹಾರದ ಪರವಾಗಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಕೊಂಡರು. 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟರು. ಕಾಯಿಲೆ ಬಿದ್ದು 1919ರಲ್ಲಿ ಆಡಿನ ಹಾಲು ಕುಡಿದರು. ಹಾಗೆ ಹಾಲು ಕುಡಿದ ನೋವನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

1934ರ ಫೆಬ್ರವರಿಯಲ್ಲಿ ಅವರು ಕುಂದಾಪುರಕ್ಕೆ ಬಂದಿದ್ದರು. ಕಾಯಿಹಾಲಿನ ಸೀಮೆ.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದ್ದು 1944ರ ನವೆಂಬರಿನಲ್ಲಿ. ಯುದ್ಧ ಮುಗಿದಿರಲಿಲ್ಲ. ಬೆಣ್ಣೆ, ಮೊಟ್ಟೆಗೆ ರೇಷನ್ ಇತ್ತು.

22

ವಿಯೆನ್ನಾದ ಹೋಟೆಲುಗಳ ಮೆನುವಿನಲ್ಲಿ ಪ್ರತಿ ತಿನಿಸಿನ ಪಕ್ಕ ಸಣ್ಣ ಅಕ್ಷರಗಳು. ಎ ಇದ್ದರೆ ಗೋಧಿಯಂಥ ಧಾನ್ಯ, ಸಿ ಮೊಟ್ಟೆ, ಡಿ ಮೀನು, ಜಿ ಹಾಲು. ಅಲರ್ಜಿ ತರುವ 14 ವಸ್ತುಗಳನ್ನು ಗಿರಾಕಿಗೆ ತಿಳಿಸಲೇಬೇಕೆಂಬ ಯುರೋಪಿನ ಕಾನೂನು 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಕಾನೂನು ಬಂದದ್ದು ಅಲರ್ಜಿ ಇರುವವರಿಗೆ. ಹಾಲು ಬಿಟ್ಟವರಿಗೂ ಅದು ದಾರಿ ತೋರಿಸುತ್ತದೆ. ಜಿ ಇಲ್ಲದ ಸಾಲು ಹುಡುಕಿದರೆ ಆಯಿತು.

ಸಾಸಿವೆಗೆ ಅಕ್ಷರ ಉಂಟು. ಎಳ್ಳಿಗೆ ಉಂಟು. ತೆಂಗಿನಕಾಯಿಗೆ ಇಲ್ಲ.

23

ಕೋಟದ ಬಳಿಯ ಒಂದು ಹೋಟೆಲು. ಮೆನು ಕಾರ್ಡು ಇಲ್ಲ. ಸಪ್ಲೈಯರ್ ಒಂದೇ ಉಸಿರಿಗೆ ತಿಂಡಿಗಳ ಹೆಸರು ಹೇಳುತ್ತಾರೆ. ಯಾವುದಕ್ಕೆ ಏನು ಹಾಕಿದ್ದು ಎಂದು ಕೇಳಿದರೆ ಒಳಗೆ ಹೋಗಿ ಭಟ್ಟರನ್ನೇ ಕರೆತರುತ್ತಾರೆ. ಭಟ್ಟರು ಕೈ ಒರೆಸಿಕೊಂಡು ಬರುತ್ತಾರೆ. ಚಟ್ನಿಯ ಒಗ್ಗರಣೆಯ ಎಣ್ಣೆಯವರೆಗೆ ಹೇಳುತ್ತಾರೆ.

ನಂತರ ಅವರ ಪ್ರಶ್ನೆ: “ಎಂತಕ್ಕೆ? ಹುಷಾರಿಲ್ವಾ?”

24

ಕೊಲ್ಲೂರು. ಮೂಕಾಂಬಿಕೆಯ ಸನ್ನಿಧಿಯಲ್ಲಿ ಅನ್ನಪ್ರಸಾದದ ಸಾಲು. ಮಲೆಯಾಳ ಮಾತಾಡುವವರೇ ಹೆಚ್ಚು. ಊರಿನಲ್ಲಿ ಮೀನು ಉಣ್ಣುವ ಅನೇಕರು ಇಲ್ಲಿಗೆ ಬರುವ ಮೊದಲು ಮೀನು ಬಿಟ್ಟಿರುತ್ತಾರೆ. ಬಡಿಸುವವರು ಯಾರನ್ನೂ ಏನು ತಿನ್ನುವವರು ಎಂದು ಕೇಳುವುದಿಲ್ಲ. ಅನ್ನ, ಸಾರು ಎಲ್ಲರಿಗೂ ಒಂದೇ.

25

ಮರವಂತೆ. ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಎಳನೀರು ಮಾರುವವರು ಒಳಗಿನ ಗಂಜಿ ಕೆತ್ತಿ ತಿನ್ನಲು ಕಾಯಿಯ ಸಿಪ್ಪೆಯಿಂದಲೇ ಚಮಚ ಕತ್ತರಿಸಿ ಕೊಡುತ್ತಾರೆ. ಕುಡಿಯಲು, ತಿನ್ನಲು, ಚಮಚಕ್ಕೆ ಒಂದೇ ಕಾಯಿ.

26

ವಯಸ್ಸಾದ ಗೃಹಿಣಿಯೊಬ್ಬರು, ಸಾಲಿಗ್ರಾಮದ ಹತ್ತಿರ, ಪತ್ರೊಡೆ ಬಡಿಸುತ್ತ ಕೇಳಿದರು: ಹಾಲು, ಮೊಸರು ಬಿಟ್ಟವರು ಊಟಕ್ಕೆ ಏನು ಮಾಡುತ್ತಾರೆ? ಅವರ ಮುಖದಲ್ಲಿ ನಿಜವಾದ ಕಳವಳ ಇತ್ತು. ಇನ್ನೆರಡು ಪತ್ರೊಡೆ ಹಾಕಿದರು.

27

ಬ್ರಹ್ಮಾವರ, ಕುಂದಾಪುರ, ಬೈಂದೂರು, ಈ ಮೂರು ತಾಲೂಕುಗಳಲ್ಲಿ ಹಾಲು, ಮಾಂಸ ಮುಟ್ಟದೆ ತಿರುಗುವವರು ಹೇಳಬೇಕಾದ ಮಾತುಗಳು, ಗುರುತು ಹಾಕಿಕೊಂಡಂತೆ:

ದೋಸೆಗೆ, ಅನ್ನಕ್ಕೆ ತುಪ್ಪ ಬೇಡ. ಚಾಕ್ಕೆ ಹಾಲು ಬೇಡ. ಕೊನೆಗೆ ಮಜ್ಜಿಗೆ ಬೇಡ. ಬನ್ಸ್, ಗೋಳಿಬಜೆ, ರವೆ ಇಡ್ಲಿ, ತಂಬುಳಿ ಬೇಡ. ಪಾಯಸವಾದರೆ ಯಾವ ಹಾಲಿನದು ಎಂದು ಕೇಳಬೇಕು. ಕಡುಬಿಗೆ, ಗಂಜಿಗೆ, ಶ್ಯಾವಿಗೆಗೆ ಏನೂ ಕೇಳಬೇಕಾಗಿಲ್ಲ.