ಅವ್ವನ ಗಾಯದ ಚೀಟಿ

ಮಕ್ಕಳೇ, ತಿಂದು ಮಿಕ್ಕ ಮಾತ್ರೆಗಳನ್ನು ನಿಮ್ಮ ಮನೆಯಲ್ಲಿ ಎಲ್ಲಿ ಇಡುತ್ತಾರೆ? ನಮ್ಮ ಮನೆಯಲ್ಲಿ ಅವು ದೇವರ ಪಟದ ಹಿಂದೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇರುತ್ತಿದ್ದವು. ಯಾರಿಗೆ ಜ್ವರ ಬಂದರೂ ಮೊದಲು ಆ ಡಬ್ಬದ ಮುಚ್ಚಳ ತೆಗೆಯುತ್ತಿದ್ದೆವು. ಈಗ ಅದರಲ್ಲಿ ಅವರೆ ಬೀಜ ಇದೆ. ಮಾತ್ರೆಗಳು ಏಕೆ ಹೋದವು ಎಂಬುದನ್ನು ಹೇಳುತ್ತೇನೆ, ಕೇಳಿ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದೆ ಕಬ್ಬು ಕಡಿಯುವ ಕಾಲದಲ್ಲಿ ಅವ್ವನ ಅಂಗಾಲಿಗೆ ಕೂಳೆ ಚುಚ್ಚಿತು. ನಾನೇ ಡಬ್ಬದಿಂದ ಮಾತ್ರೆ ತೆಗೆದುಕೊಟ್ಟೆ. ಹಿಂದೊಮ್ಮೆ ನನ್ನ ಗಂಟಲು ನೋವಿಗೆ ಕೊಟ್ಟಿದ್ದು, ನಾನು ಪೂರ್ತಿ ತಿನ್ನದೆ ಉಳಿಸಿದ್ದು. ಎರಡು ದಿನಕ್ಕೆ ನೋವು ತುಸು ತಗ್ಗಿತು. “ಒಣಗ್ತಾ ಬಂತಲ್ಲ ಕಣಪ್ಪ, ಮಿಕ್ಕಿದ್ದ ಎತ್ತಿಡು, ಇನ್ನೊಂದ್ಸಲಕ್ಕಾಯ್ತದೆ” ಎಂದಳು ಅವ್ವ. ಎತ್ತಿಟ್ಟೆ. ಐದನೆಯ ದಿನ ಕಾಲು ಊದಿ ಕೆಂಪಾಯಿತು. ಮೈ ಕಾದ ಹಂಚಿನಂತೆ ಸುಡುತ್ತಿತ್ತು.

ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಮೊದಲು ಕೊಟ್ಟ ಔಷಧವೂ ನಾಟಲಿಲ್ಲ. “ಕಾಲು ಉಳಿಯುತ್ತದಾ ಡಾಕ್ಟ್ರೇ?” ಎಂದು ಕೇಳಿದೆ. “ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡೋಣ” ಎಂದು ಅವರು ಗಾಯದ ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರು.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಗೊತ್ತೇ? ತಟ್ಟೆಯೊಂದರಲ್ಲಿ ಜೆಲ್ಲಿಯಂತಹ ಆಹಾರ ಹಾಕಿ, ಅದರ ಮೇಲೆ ಕೀವಿನಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಹರಡುತ್ತಾರೆ. ಬೇರೆ ಬೇರೆ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಮೇಲಿಡುತ್ತಾರೆ. ಮರುದಿನಕ್ಕೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಅವುಗಳನ್ನು ತಡೆಯುವ ಔಷಧದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ಬಯಲು ಕಾಣುತ್ತದೆ. ಆ ಬಯಲಿನ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅದು ಗೊತ್ತುಪಡಿಸಿದ ಅಳತೆಗಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುವುದಿಲ್ಲ ಎಂದರ್ಥ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧವೇ ಪ್ರತಿಜೈವಿಕ. ಅದಕ್ಕೆ ಬಗ್ಗದಿರುವ ಗುಣವೇ ಪ್ರತಿಜೈವಿಕ ನಿರೋಧಕತೆ.

ಮೂರನೆಯ ದಿನ ಚೀಟಿ ಬಂತು. ಅದರಲ್ಲಿ ಒಂಬತ್ತು ಔಷಧಗಳ ಹೆಸರಿದ್ದವು. ಏಳು ಹೆಸರುಗಳ ಮುಂದೆ ‘ಆರ್’, ಅಂದರೆ ಬಗ್ಗುವುದಿಲ್ಲ. ಎರಡರ ಮುಂದೆ ಮಾತ್ರ ‘ಎಸ್’, ಅಂದರೆ ಬಗ್ಗುತ್ತದೆ. ನಾನು ಕೊಟ್ಟ ಮಾತ್ರೆ ಆ ಏಳರಲ್ಲಿತ್ತು. ಉಳಿದ ಎರಡರಲ್ಲಿ ಒಂದು ಅವ್ವನ ಕಾಲನ್ನು ಉಳಿಸಿತು.

“ಮಾತ್ರೆ ಅರ್ಧಕ್ಕೆ ಬಿಟ್ಟಿದ್ದಕ್ಕೆ ಹೀಗಾಯಿತೇ? ಇಲ್ಲ, ಇಂಥ ಬ್ಯಾಕ್ಟೀರಿಯಾವೇ ಬೇರೆ ಕಡೆಯಿಂದ ಬಂತೇ?” ಎಂದು ಡಾಕ್ಟರನ್ನು ಕೇಳಿದೆ. “ಒಂದು ಚೀಟಿ ನೋಡಿ ಅದನ್ನು ಹೇಳಲಾಗದು. ಸಾವಿರಾರು ಚೀಟಿ ಸೇರಿಸಿ ನೋಡಬೇಕು” ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ನಮ್ಮ ಕಡೆಯ ಹೊಳೆಗಳನ್ನೇ ನೋಡಿ. ನಾಗಮಂಗಲದ ಕಡೆ ಹುಟ್ಟುವ ಲೋಕಪಾವನಿ ಪಾಂಡವಪುರ ತಾಲ್ಲೂಕನ್ನು ಹಾದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿ ಸೇರುತ್ತದೆ. ಕೆ.ಆರ್. ಪೇಟೆಯಲ್ಲಿ ಹರಿಯುವ ಹೇಮಾವತಿಯೂ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನೇ ಸೇರುತ್ತದೆ. ನೀರಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಬ್ಯಾಕ್ಟೀರಿಯಾಗಳಿಗೂ ಅಷ್ಟೆ. ನೀರಿನಲ್ಲಿ, ಮಾಂಸದಲ್ಲಿ, ಬಸ್ಸು-ವಿಮಾನ ಹತ್ತುವ ಜನರ ಮೈಯಲ್ಲಿ ಅವು ದೇಶದಿಂದ ದೇಶಕ್ಕೆ ಹೋಗುತ್ತವೆ. ಹಾಗಾದರೆ ಚೀಟಿಗಳ ಲೆಕ್ಕವೂ ದೇಶದಿಂದ ದೇಶಕ್ಕೆ ಹೋಗಬೇಕಲ್ಲವೇ?

ಆದರೆ ಎಲ್ಲರ ಅಳತೆಯೂ ಒಂದೇ ಆಗಿರಬೇಕು. ಕನ್ನಂಬಾಡಿ ಕಟ್ಟೆಯ ನೀರನ್ನು ದಿನವೂ ಅಡಿಗಳಲ್ಲಿ ಅಳೆಯುತ್ತಾರೆ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಒಂದು ದಿನ ಅಡಿಯಲ್ಲಿ, ಇನ್ನೊಂದು ದಿನ ಮೊಳದಲ್ಲಿ ಬರೆದಿಟ್ಟರೆ ಹೋಲಿಸಲು ಆಗುತ್ತದೆಯೇ? ಪ್ರಯೋಗಾಲಯಗಳ ಲೆಕ್ಕವನ್ನು ಒಂದೇ ರೀತಿ ಬರೆದಿಡಲೆಂದು 1989ರಲ್ಲಿ ‘ಹೂನೆಟ್’ ಎಂಬ ಕಂಪ್ಯೂಟರ್ ತಂತ್ರಾಂಶ ಬಂತು. ಅದು ಉಚಿತ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ದೇಶಗಳ ಲೆಕ್ಕ ಸೇರಿಸಲು ‘ಗ್ಲಾಸ್’ ಎಂಬ ವ್ಯವಸ್ಥೆ ಆರಂಭಿಸಿತು. ಭಾರತ 2017ರಲ್ಲಿ ಅದನ್ನು ಸೇರಿತು. ಇಲ್ಲಿ ಹಂಚಿಕೊಳ್ಳುವುದು ರೋಗಿಯ ಹೆಸರನ್ನಲ್ಲ. ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಎಷ್ಟು ಮಂದಿಯಲ್ಲಿ ಬಗ್ಗಲಿಲ್ಲ ಎಂಬ ಲೆಕ್ಕವನ್ನು.

ಇದರಿಂದ ಏನು ಲಾಭ? ಒಂದು ನಿಜ ಸಂಗತಿ ಹೇಳುತ್ತೇನೆ. ಬೇರೆ ಔಷಧಗಳೆಲ್ಲ ಸೋತಾಗ ಡಾಕ್ಟರುಗಳು ಕೊನೆಗೆ ಬಳಸುವ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನೂ ತಡೆಯುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಸಿಕ್ಕಿದೆ ಎಂದು 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದರು. ಅದರ ಹೆಸರು ಎಂಸಿಆರ್-1. ಡೆನ್ಮಾರ್ಕಿನವರು ತಾವು ಕಂಪ್ಯೂಟರಿನಲ್ಲಿ ಮೊದಲೇ ಕೂಡಿಟ್ಟಿದ್ದ ಜೀನ್ ವಿವರಗಳಲ್ಲಿ ಅದನ್ನು ಹುಡುಕಿದರು. ಮರುತಿಂಗಳೇ ಉತ್ತರ ಬಂತು. ಒಬ್ಬ ರೋಗಿಯಲ್ಲಿಯೂ, ಹೊರದೇಶದಿಂದ ತರಿಸಿದ್ದ ಕೋಳಿಮಾಂಸದಲ್ಲಿಯೂ ಆ ಜೀನ್ ಇತ್ತು! ಮಾಂಸದಲ್ಲಿ ಅದು 2012ರಿಂದಲೇ ಬರುತ್ತಿತ್ತು. ಚೀನಾದವರು ಹೇಳದಿದ್ದರೆ ಏನನ್ನು ಹುಡುಕಬೇಕೆಂದೇ ತಿಳಿಯುತ್ತಿರಲಿಲ್ಲ. ಡೆನ್ಮಾರ್ಕಿನವರು ಕೂಡಿಡದಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತಿರಲಿಲ್ಲ.

ಹಂದಿ, ಕೋಳಿಗಳು ಬೇಗ ಬೆಳೆಯಲೆಂದು ಕೊಲಿಸ್ಟಿನನ್ನು ಅವುಗಳ ಆಹಾರದಲ್ಲಿ ಬೆರೆಸುತ್ತಿದ್ದರು. ಚೀನಾ 2017ರಲ್ಲಿ ಅದನ್ನು ನಿಲ್ಲಿಸಿತು. ಭಾರತವೂ 2019ರಲ್ಲಿ ಕೋಳಿ ಮತ್ತು ಇತರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಆಮೇಲೆ ಚೀನಾದಲ್ಲಿ ಅಳೆದು ನೋಡಿದಾಗ ಕೊಲಿಸ್ಟಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳು ಕಡಿಮೆಯಾಗಿದ್ದವು.

ಈ ಕೆಲಸದಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯದವರು ಕೊಲಂಬಿಯಾ, ನೈಜೀರಿಯಾ, ಫಿಲಿಪ್ಪೀನ್ಸ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ಇಂಥ ಬ್ಯಾಕ್ಟೀರಿಯಾಗಳ ಜೀನ್‌ಗಳನ್ನು ಓದಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಲೆಕ್ಕವನ್ನು ಪ್ರಕಟಿಸಿತು. 2023ರಲ್ಲಿ ಪ್ರಯೋಗಾಲಯಗಳು ಖಚಿತಪಡಿಸಿದ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಆರರಲ್ಲಿ ಒಂದು ಪ್ರತಿಜೈವಿಕಕ್ಕೆ ಬಗ್ಗದ್ದಾಗಿತ್ತು. ಅವ್ವನಂಥವರ ಚೀಟಿಗಳು ಸೇರಿಯೇ ಇಂಥ ಲೆಕ್ಕ ಆಗುವುದು.

ಈಗ ನಿಮಗೊಂದು ಕೆಲಸ. ಮನೆಯಲ್ಲಿರುವ ಮಾತ್ರೆಯ ಪಟ್ಟಿಗಳನ್ನು ದೊಡ್ಡವರ ಜೊತೆ ಕುಳಿತು ನೋಡಿ. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಡಾಕ್ಟರು ಬರೆದುಕೊಡದೆ ಅದನ್ನು ತಿನ್ನಬಾರದು. ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಿನ್ನಬೇಕು. ಮಿಕ್ಕದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ನೆಗಡಿ ಬರುವುದು ವೈರಸ್ಸಿನಿಂದ. ಪ್ರತಿಜೈವಿಕ ಅದಕ್ಕೆ ಏನೂ ಮಾಡದು. ಇಷ್ಟನ್ನು ಮನೆಯಲ್ಲಿ ಹೇಳಿ. “ಇನ್ನೊಂದ್ಸಲಕ್ಕಾಯ್ತದೆ” ಎಂದು ಯಾರಾದರೂ ಎತ್ತಿಡಲು ಹೋದರೆ, ನಮ್ಮ ಅವ್ವನ ಕಾಲಿನ ಕತೆಯನ್ನೂ ಹೇಳಿ.